ಎಸ್ಟಕಾಡೊ: ಅಳಿದ ಕ್ವೇಕರ್ ನೆಲೆ, ಉಳಿದ ಸ್ಮಶಾನ

ಅಮೆರಿಕದ ಟೆಕ್ಸಾಸ್ ರಾಜ್ಯದ ವಾಯವ್ಯದಲ್ಲಿ, ಕ್ರಾಸ್ಬಿ ಮತ್ತು ಲಬಕ್ ಕೌಂಟಿಗಳ ಗಡಿಯಲ್ಲಿ, ಎಸ್ಟಕಾಡೊ ಎಂಬ ಕ್ವೇಕರ್ ನೆಲೆಯೊಂದಿತ್ತು. ಮರಗಳಿಲ್ಲದ ಆ ಎತ್ತರದ ಹುಲ್ಲುಬಯಲಿನಲ್ಲಿ ಬೇಸಾಯವನ್ನು ನೆಚ್ಚಿ ನಿಂತ ಮೊದಲ ಬಿಳಿಯರ ಊರುಗಳಲ್ಲಿ ಅದೂ ಒಂದು. 1874-75ರ ಸೇನಾ ಕಾರ್ಯಾಚರಣೆಯು ಕೊಮಾಂಚಿ ಜನರನ್ನು ಅಲ್ಲಿಂದ ತೆರವುಗೊಳಿಸಿದ ಮೇಲಷ್ಟೇ ಇಂಥ ಊರು ಸಾಧ್ಯವಾಯಿತು. ಯುದ್ಧವನ್ನು ಧರ್ಮತಃ ನಿರಾಕರಿಸುವ ಪಂಥದ ಚರಿತ್ರೆಯಲ್ಲಿ ಈ ಸಂಗತಿಯನ್ನು ಬದಿಗಿರಿಸಲಾಗದು.

ನೆಲೆಯ ಸ್ಥಾಪಕ ಇಂಡಿಯಾನಾದಿಂದ ಬಂದ ಪ್ಯಾರಿಸ್ ಕಾಕ್ಸ್. ಭೂಮಿ ಖರೀದಿಸಿದ ಆತ, ಬ್ಲಾಂಕೊ ಕಣಿವೆಯಲ್ಲಿ ನೆಲೆಸಿದ್ದ ಹ್ಯಾಂಕ್ ಸ್ಮಿತ್‌ನಿಂದ ಬಾವಿ ತೋಡಿಸಿ, ಪ್ರಾಯೋಗಿಕವಾಗಿ ಬೆಳೆ ಇಡಿಸಿ ನೆಲದ ಗುಣವನ್ನು ಪರೀಕ್ಷಿಸಿದ್ದನು. 1879ರಲ್ಲಿ ಮೊದಲ ಕುಟುಂಬಗಳು ಬಂದವು. ಕಾಕ್ಸ್ ಕುಟುಂಬ ಹುಲ್ಲುಹೆಂಟೆಗಳ ಮನೆ ಕಟ್ಟಿಕೊಂಡಿತು; ಉಳಿದವರು ಆ ಕಡುಚಳಿಯನ್ನು ಡೇರೆಗಳಲ್ಲಿ ಕಳೆದು, ವಸಂತ ಬರುತ್ತಲೇ ಹೊರಟುಹೋದರು. ಕಾಕ್ಸ್ ಕದಲಲಿಲ್ಲ. 1880ರ ಬೆಳೆ ಕೈಗೂಡಿದ ಬಳಿಕ ಬೇರೆ ಕುಟುಂಬಗಳು ಬಂದು ಸೇರಿದವು. ಮೊದಲು ಮರಿಯೆಟ್ಟಾ ಎನಿಸಿಕೊಂಡಿದ್ದ ಊರು ಎಸ್ಟಕಾಡೊ ಆಯಿತು; 1886ರಲ್ಲಿ ಕ್ರಾಸ್ಬಿ ಕೌಂಟಿಯ ಕೇಂದ್ರವೂ ಆಯಿತು.

ಏಳಿಗೆ ಅಲ್ಪಕಾಲದ್ದು. 1888ರಲ್ಲಿ ಕಾಕ್ಸ್ ತೀರಿಕೊಂಡನು. 1891ರಲ್ಲಿ ಆಡಳಿತ ಕೇಂದ್ರವು ಎಮ್ಮಾ ಎಂಬ ಊರಿಗೆ ಹೋಯಿತು (ಆ ಎಮ್ಮಾ ಕೂಡ ಮುಂದೆ ಅಳಿಯಿತು). ಅದೇ ದಶಕದ ಬರಗಾಲ, ಮಿಡತೆಗಳ ಹಾವಳಿ ರೈತರನ್ನು ಚದುರಿಸಿದವು. ಕೆಲವರು ಸಮುದ್ರತೀರದತ್ತ ಸಾಗಿ, 1895ರಲ್ಲಿ ಸ್ಥಾಪನೆಯಾದ ಫ್ರೆಂಡ್ಸ್‌ವುಡ್ ಸೇರಿದರು.

ಹಿಂದೆ ಉಳಿದದ್ದು ಕಾಕ್ಸ್‌ನನ್ನೂ ಹೂಳಿರುವ ಸ್ಮಶಾನ. ಇಲ್ಲಿ ಒಂದು ವೈಚಿತ್ರ್ಯವಿದೆ. ಕ್ವೇಕರರಿಗೆ ಸಮಾಧಿಶಿಲೆಯೇ ಅನುಮಾನದ ವಸ್ತು. ಸತ್ತವರಲ್ಲಿ ಮೇಲುಕೀಳು ಸಲ್ಲದೆಂದು ಲಂಡನ್ನಿನ ವಾರ್ಷಿಕ ಸಭೆ 1717ರಲ್ಲಿ ಶಿಲೆಗಳನ್ನು ವಿರೋಧಿಸಿತ್ತು. 1850ರಲ್ಲಿ ಒಂದೇ ಬಗೆಯ ಸರಳ ಶಿಲೆಗಳಿಗಷ್ಟೇ ಅನುಮತಿ ನೀಡಿತು. ಶಿಲೆಯನ್ನು ಹೀಗೆ ಶಂಕಿಸಿದ ಪಂಥದ ಊರಿಗೆ ಈಗ ಸ್ಮಶಾನವೇ ಮುಖ್ಯ ಗುರುತು. ಸಮಾಧಿಗಳ ಅಲಂಕಾರದಿಂದ ಸಮಾಜದ ಅಂತಸ್ತನ್ನು ಅಳೆಯುವ ರೂಢಿಯ ಕ್ರಮ ಇಂಥ ಕಡೆ ದಾರಿ ತಪ್ಪಿಸುತ್ತದೆ. ಕ್ವೇಕರ್ ಸ್ಮಶಾನದಲ್ಲಿ ಶಿಲೆಯಿಲ್ಲದ ನೆಲವು ಬಡತನದ್ದೋ ಅಲಕ್ಷ್ಯದ್ದೋ ಆಗಿರಬೇಕಿಲ್ಲ, ನಂಬಿಕೆಯದ್ದೂ ಆಗಿರಬಹುದು. ಜನನ, ವಿವಾಹ, ಮರಣಗಳನ್ನು ಕ್ವೇಕರ್ ಸಭೆಗಳು ತಮ್ಮ ಪುಸ್ತಕಗಳಲ್ಲಿ ಬರೆದಿಡುತ್ತಿದ್ದವು. ಸ್ಮಶಾನವನ್ನು ಆ ಪುಸ್ತಕಗಳೊಡನೆ ಇಟ್ಟು ಓದಬೇಕಾಗುತ್ತದೆ.