ಶಾಲಾ ಶುಲ್ಕದ ಪೂರ್ತಿ ಲೆಕ್ಕ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡು 2007ರಲ್ಲಿ ರಚನೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಜಿಲ್ಲೆಯಲ್ಲಿ ಖಾಸಗಿ ಶಾಲೆಗಳನ್ನು ಹೋಲಿಸುವ ಪೋಷಕರು ಮೊದಲು ಕೇಳುವುದು ವರ್ಷಕ್ಕೆ ಫೀಸು ಎಷ್ಟು ಎಂಬುದನ್ನೇ ಆದರೂ, ಆ ಪ್ರಶ್ನೆಗೆ ಸಿಗುವ ಉತ್ತರಗಳು ಒಂದೇ ಬಗೆಯವಲ್ಲ. ಒಂದು ಶಾಲೆ ಬೋಧನಾ ಶುಲ್ಕವನ್ನಷ್ಟೇ ಹೇಳಿದರೆ ಇನ್ನೊಂದು ಪುಸ್ತಕ, ಸಮವಸ್ತ್ರ, ಕಂಪ್ಯೂಟರ್ ಶುಲ್ಕಗಳನ್ನೂ ಕೂಡಿಸಿ ಹೇಳುತ್ತದೆ. ಪ್ರವೇಶದ ವೇಳೆ ಒಮ್ಮೆ ಕಟ್ಟಿಸಿಕೊಳ್ಳುವ ಹಣವೂ ವ್ಯಾನಿನ ಬಾಡಿಗೆಯೂ ಎಷ್ಟೋ ಸಲ ಈ ಎರಡು ಲೆಕ್ಕಗಳಿಂದಲೂ ಹೊರಗುಳಿಯುತ್ತವೆ.

ಪಟ್ಟಣದ ಶಾಲೆಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುವ ಈ ಸೀಮೆಯಲ್ಲಿ ವ್ಯಾನಿನ ಬಾಡಿಗೆಯೊಂದೇ ಹೋಲಿಕೆಯನ್ನು ತಲೆಕೆಳಗು ಮಾಡಬಲ್ಲದು. ಲೆಕ್ಕದ ಸಲುವಾಗಿ ಕಲ್ಪಿಸಿಕೊಂಡ ಒಂದು ಉದಾಹರಣೆಯಲ್ಲಿ, ನಡೆದು ಹೋಗುವಷ್ಟು ಹತ್ತಿರದ ಶಾಲೆಯ ಫೀಸು 36,000 ರೂಪಾಯಿ, ದೂರದ ಶಾಲೆಯದು 26,000 ರೂಪಾಯಿ ಇದ್ದು, ವ್ಯಾನಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕಟ್ಟಬೇಕಾದರೆ, ಅಗ್ಗವೆನಿಸಿದ ಶಾಲೆಗೆ ಬೀಳುವುದು 41,000 ರೂಪಾಯಿ. ಇದಕ್ಕಿಂತಲೂ ಕಡಿಮೆ ಗಮನಕ್ಕೆ ಬರುವುದು ವಾರ್ಷಿಕ ಹೆಚ್ಚಳ: ಒಂದನೇ ತರಗತಿಯಲ್ಲಿ 30,000 ಇರುವ ಫೀಸು ಪ್ರತಿ ವರ್ಷ ಶೇ 10ರಷ್ಟು ಏರುತ್ತ ಹೋದರೆ ಎಸ್ಸೆಸ್ಸೆಲ್ಸಿಯ ಹೊತ್ತಿಗೆ 70,000 ದಾಟುತ್ತದೆ, ಹತ್ತು ವರ್ಷದ ಒಟ್ಟು ಮೊತ್ತ ಮೂರು ಲಕ್ಷವಾಗಿ ಉಳಿಯದೆ 4,78,000ಕ್ಕೆ ಮುಟ್ಟುತ್ತದೆ. ಹಾಗಾಗಿ ಹಿಂದಿನ ಮೂರು ವರ್ಷ ಫೀಸು ಹೇಗೆ ಏರಿತು ಎಂಬುದನ್ನು ಅಲ್ಲಿ ಈಗಾಗಲೇ ಮಕ್ಕಳನ್ನು ಓದಿಸುತ್ತಿರುವವರಿಂದ ತಿಳಿದುಕೊಳ್ಳುವುದು, ಶಾಲೆಯ ಬಣ್ಣದ ಕರಪತ್ರ ಓದುವುದಕ್ಕಿಂತ ಹೆಚ್ಚು ಉಪಯುಕ್ತ.

ಹಣ ಎಷ್ಟು ಎಂಬುದರಷ್ಟೇ ಮುಖ್ಯವಾದುದು ಯಾವಾಗ ಕಟ್ಟಬೇಕು ಎಂಬುದು. ಬಿಡದಿಯ ಕಾರ್ಖಾನೆಯ ನೌಕರನಿಗೆ ತಿಂಗಳ ಸಂಬಳವಿರುತ್ತದೆ; ರೇಷ್ಮೆ ಬೆಳೆಗಾರನ ಕೈಗೆ ಹಣ ಬರುವುದು ಹುಳು ಹಣ್ಣಾಗಿ, ಗೂಡು ಬಿಡಿಸಿ, ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ಮೇಲೆ, ಅದೂ ಆ ದಿನದ ಧಾರಣೆಯಂತೆ. ಮಾವಿನ ತೋಟದವರಿಗೆ ಬೇಸಿಗೆಯ ಫಸಲಿನಲ್ಲೇ ವರ್ಷದ ದುಡ್ಡು. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆಯ ದಿನ. ಇಡೀ ಫೀಸನ್ನು ಜೂನ್‌ಗೆ ಮುಂಚೆಯೇ ಕಟ್ಟಿದರೆ ರಿಯಾಯಿತಿ ಕೊಡುವ ಶಾಲೆಗಿಂತ ನಾಲ್ಕು ಕಂತು ಒಪ್ಪುವ ಶಾಲೆಯೇ ಇಂಥ ಕುಟುಂಬಗಳಿಗೆ ಅಗ್ಗವಾಗುವುದುಂಟು, ಏಕೆಂದರೆ ಆ ರಿಯಾಯಿತಿಗಾಗಿ ತಂದ ಕೈಸಾಲದ ಬಡ್ಡಿ ರಿಯಾಯಿತಿಯನ್ನೇ ನುಂಗಿಬಿಡುತ್ತದೆ.

ಕಾನೂನಿನ ನೆರವು ಇಲ್ಲಿ ಅರ್ಧಂಬರ್ಧ. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಅನುದಾನರಹಿತ ಸಂಸ್ಥೆಗಳು, ಅಂದರೆ ಸಿಬ್ಬಂದಿಯ ಸಂಬಳಕ್ಕೆ ಸರ್ಕಾರದ ಹಣ ಪಡೆಯದ ಸಂಸ್ಥೆಗಳು, ಶುಲ್ಕವನ್ನು ತಾವೇ ನಿಗದಿ ಮಾಡಬಹುದು, ಆದರೆ ಲಾಭಕೋರತನ ಕೂಡದು ಎಂದಿತು. ಕೋವಿಡ್ ಕಾಲದಲ್ಲಿ ರಾಜ್ಯ ಸರ್ಕಾರ ಬೋಧನಾ ಶುಲ್ಕವನ್ನು ಶೇ 30ರಷ್ಟು ಇಳಿಸಿದ್ದನ್ನು 2021ರಲ್ಲಿ ಹೈಕೋರ್ಟ್ ಶೇ 15ಕ್ಕೆ ಸೀಮಿತಗೊಳಿಸಿತು. 2023ರ ಜನವರಿಯಲ್ಲಿ, ಶುಲ್ಕ ನಿಯಂತ್ರಣಕ್ಕೆ ಸಂಬಂಧಿಸಿದ ಕರ್ನಾಟಕ ಶಿಕ್ಷಣ ಕಾಯ್ದೆಯ ಕಲಂಗಳು ಖಾಸಗಿ ಅನುದಾನರಹಿತ ಶಾಲೆಗಳಿಗೆ ಅನ್ವಯಿಸವು ಎಂದಿತು. ಆದರೂ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, ಶಾಲೆ ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಪ್ರವೇಶಕ್ಕಾಗಿ ಪಡೆಯುವ ಯಾವುದೇ ದೇಣಿಗೆ ‘ಕ್ಯಾಪಿಟೇಷನ್ ಶುಲ್ಕ’ ಎನಿಸುತ್ತದೆ. ಅದನ್ನು ವಸೂಲಿ ಮಾಡಿದರೆ ಹತ್ತು ಪಟ್ಟಿನವರೆಗೆ ದಂಡವಿದೆ. ರಸೀದಿಯಿಲ್ಲದೆ ಕೊಟ್ಟ ‘ಬಿಲ್ಡಿಂಗ್ ಫಂಡ್’ ಹಣವನ್ನು ಮಾತ್ರ ಆಮೇಲೆ ಸಾಬೀತು ಮಾಡುವುದು ಕಷ್ಟ.

ಫಿಲಿಪ್ಪೀನ್ಸ್‌ನಲ್ಲಿ 1989ರ ಕಾಯ್ದೆಯೊಂದು ಬೇರೆ ದಾರಿ ಹಿಡಿಯಿತು: ಖಾಸಗಿ ಶಾಲೆ ಬೋಧನಾ ಶುಲ್ಕ ಏರಿಸಿದಾಗ, ಆ ಹೆಚ್ಚಳದ ಶೇ 70ರಷ್ಟು ಶಿಕ್ಷಕರ ಮತ್ತು ಸಿಬ್ಬಂದಿಯ ಸಂಬಳ ಸವಲತ್ತಿಗೆ ಹೋಗಬೇಕೆಂಬ ಷರತ್ತನ್ನು ವಿಧಿಸಿತು. ಏರಿದ ಫೀಸು ಶಿಕ್ಷಕರನ್ನು ಮುಟ್ಟಿತೇ ಎಂದು ಕೇಳುವುದಕ್ಕೆ ಅಲ್ಲಿನ ಪೋಷಕರಿಗೆ ಇರುವ ಆಧಾರ ಚನ್ನಪಟ್ಟಣದ ಪೋಷಕರಿಗೆ ಇಲ್ಲ. ಶಿಕ್ಷಕರು ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದಾರೆಯೇ ಎಂಬುದನ್ನು ನೋಡಿ ಅವರು ಊಹಿಸಿಕೊಳ್ಳಬೇಕು.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯ ಶೇ 25ರಷ್ಟು ಸೀಟುಗಳನ್ನು ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂಬ ನಿಯಮ ರಾಜ್ಯದಲ್ಲಿ 2012–13ರಿಂದ ಜಾರಿಗೆ ಬಂತಾದರೂ, ಆಸುಪಾಸಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯನ್ನು ಪರಿಗಣಿಸಬೇಕಿಲ್ಲವೆಂಬ 2019ರ ತಿದ್ದುಪಡಿಯಿಂದ ಅಂಥ ಸೀಟುಗಳು ತೀರ ವಿರಳವಾದವು. ಹಿಂದೆ ಸೀಟು ಸಿಕ್ಕವರಿಗೂ ಕಾಯ್ದೆಯ ರಕ್ಷಣೆ ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತಕ್ಕೆ ಕಾಲಿಟ್ಟಾಗ ಪೂರ್ತಿ ಫೀಸು ಒಮ್ಮೆಲೇ ಎದುರಾಗುತ್ತದೆ. ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೇ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೇರುವ ದಾರಿಯೂ ಆ ಹೊತ್ತಿಗೆ ಮುಚ್ಚಿರುವುದರಿಂದ, ಉಳಿಯುವುದು ಊರಿನ ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆ. ಐದನೇ ತರಗತಿಯಲ್ಲಿರುವಾಗಲೇ ಒಂಬತ್ತನೆಯದರ ಲೆಕ್ಕ ಹಾಕಿದವರಿಗೆ ಮಾತ್ರ ಆಯ್ಕೆ ಎರಡಿರುತ್ತದೆ.