ಹಡಗಿಗೆ ಬೆಂಕಿ ಹಚ್ಚಿದವರು ಯಾರು?

1980ರ ದಶಕದ ನಡುವಿನ ಮಾತು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಪೀರನವಾಡಿ ನಮ್ಮೂರು. ಆಗ ನಮ್ಮ ಓಣಿಗೆಲ್ಲ ಒಂದೇ ಟಿವಿ, ಅದೂ ಕಪ್ಪು–ಬಿಳುಪು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬರುವ ಹೊತ್ತಿಗೆ ಆ ಮನೆಯ ಪಡಸಾಲೆಯಲ್ಲಿ ಹುಡುಗರ ಸಾಲು ಕೂತಿರುತ್ತಿತ್ತು. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು. ಆದರೂ ‘ಎಂಟರ್‌ಪ್ರೈಸ್’ ಎಂಬ ಅಂತರಿಕ್ಷ ಹಡಗು, ಅದರ ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್ ನಮಗೆ ಓಣಿಯವರಷ್ಟೇ ಪರಿಚಿತರು.

ಒಂದು ದಿನ ಅಪ್ಪ ಬೆಳಗಾವಿಯ ಹಳೇ ಪುಸ್ತಕದ ಅಂಗಡಿಯಿಂದ ಒಂದು ಕಾಮಿಕ್ಸ್ ತಂದರು. ಮುಖಪುಟ ಹರಿದು ಹೋಗಿತ್ತು. ಒಳಗೆ ಬಣ್ಣಬಣ್ಣದ ಸ್ಟಾರ್ ಟ್ರೆಕ್! ಒಂದೇ ಉಸಿರಿಗೆ ನೋಡಿ ಮುಗಿಸಿದೆ. ಎರಡನೇ ಸಲ ನೋಡುವಾಗ ಸಿಟ್ಟು ಬಂತು. ಪಾಟಿ ತೆಗೆದುಕೊಂಡು ತಪ್ಪುಗಳ ಪಟ್ಟಿ ಬರೆದೆ. ಒಂದು, ಹಡಗಿನ ಹಿಂದೆ ರಾಕೆಟ್ಟಿನಂತೆ ಬೆಂಕಿ. ಟಿವಿಯಲ್ಲಿ ಬೆಂಕಿಯೇ ಇಲ್ಲ. ಎರಡು, ಹಡಗು ಗ್ರಹದ ನೆಲದ ಹತ್ತಿರಕ್ಕೇ ಇಳಿದುಬಂದಿದೆ. ಟಿವಿಯಲ್ಲಿ ಅದು ದೂರದಲ್ಲೇ ಸುತ್ತುತ್ತದೆ. ಮೂರು, ಎಲ್ಲರ ಬೆನ್ನಿಗೂ ಚೀಲ. ಟಿವಿಯಲ್ಲಿ ಅವರು ಬರಿಗೈಲಿ ಓಡಾಡುತ್ತಾರೆ.

ಕತೆಯ ಒಂದು ಕಡೆ ಇದ್ದದ್ದು ಇನ್ನೊಂದು ಕಡೆಯೂ ಹಾಗೇ ಇರಬೇಕು ಎನ್ನುವುದಕ್ಕೆ ಸಿನಿಮಾದವರು ‘ಕಂಟಿನ್ಯುಟಿ’ ಎನ್ನುತ್ತಾರೆ. ಹಿಂದಿನ ದೃಶ್ಯದಲ್ಲಿ ನಾಯಕನ ಎಡಗೈಯಲ್ಲಿದ್ದ ಕೊಡೆ ಮುಂದಿನ ದೃಶ್ಯದಲ್ಲಿ ಬಲಗೈಗೆ ಬಂದರೆ ಕಂಟಿನ್ಯುಟಿ ತಪ್ಪಿತು. ಆ ಪದ ಆಗ ನನಗೆ ಗೊತ್ತಿರಲಿಲ್ಲ. ‘ಚಿತ್ರ ಬರೆದವನು ಶುದ್ಧ ದಡ್ಡ’ ಎಂದು ಪಟ್ಟಿಯ ಕೊನೆಗೆ ಬರೆದು ಅಪ್ಪನಿಗೆ ತೋರಿಸಿದೆ.

ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಗೆ ಕಟ್ಟಿಗೆಯ ಪ್ಯಾಟರ್ನ್ ಮಾಡಿಕೊಡುತ್ತಿದ್ದರು. ಆ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿ, ಅದರೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಆ ಬಿಡಿಭಾಗ ಯಾವ ಊರಿನ ಯಾವ ಯಂತ್ರಕ್ಕೆ ಹೋಗಿ ಕೂರುತ್ತದೋ ಅಪ್ಪ ಒಮ್ಮೆಯೂ ನೋಡಿದವರಲ್ಲ. ಪಟ್ಟಿ ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ಅಂವಗ ಡ್ರಾಯಿಂಗ್ ಎಷ್ಟ್ ಕಡೀದು ಕೊಟ್ಟಿದ್ರು?”

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ನಕ್ಷೆಯೊಂದನ್ನು ಬಿಚ್ಚಿ ತೋರಿಸಿದರು. ಒಂದೇ ವಸ್ತುವಿನ ಮೂರು ಚಿತ್ರ: ಎದುರಿನಿಂದ, ಮೇಲಿನಿಂದ, ಪಕ್ಕದಿಂದ. “ಮೂರೂ ಇದ್ರ ನೋಡದಿದ್ದದ್ದನ್ನೂ ಮಾಡಬಹುದು. ಒಂದ ಇದ್ರ, ಉಳದದ್ದು ನಮ್ಮ ಊಹಾ.”

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ. ಸ್ಟಾರ್ ಟ್ರೆಕ್ ಧಾರಾವಾಹಿ ಅಮೆರಿಕದಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್‌ನಲ್ಲಿ. ಮರುವರ್ಷವೇ ಗೋಲ್ಡ್ ಕೀ ಎಂಬ ಪ್ರಕಾಶನ ಅದರ ಕಾಮಿಕ್ಸ್ ತಂದಿತು. ಚಿತ್ರ ಬರೆದವರು ಇಟಲಿಯವರು: ಮೊದಲೆರಡು ಸಂಚಿಕೆಗೆ ನೆವಿಯೊ ಝಕ್ಕಾರ, ಆಮೇಲೆ ಬಹುಕಾಲ ಆಲ್ಬರ್ಟೊ ಜೊಲಿಟ್ಟಿ. ಕೆಲಸ ಶುರು ಮಾಡಿದಾಗ ಅವರು ಧಾರಾವಾಹಿಯನ್ನು ನೋಡಿಯೇ ಇರಲಿಲ್ಲ. ಆಗ ಅದು ಇಟಲಿಯ ಟಿವಿಯಲ್ಲಿ ಬರುತ್ತಿರಲಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿಟ್ಟು ನೋಡುವ ಕಾಲವೂ ಅದಲ್ಲ. ಅವರ ಕೈಯಲ್ಲಿದ್ದದ್ದು ಪ್ರಚಾರದ ಕೆಲವು ಫೋಟೋಗಳು ಮಾತ್ರ.

ಈಗ ನನ್ನ ಪಟ್ಟಿಯನ್ನು ಇನ್ನೊಮ್ಮೆ ನೋಡೋಣ. ಹಡಗಿನ ಹಿಂಭಾಗಕ್ಕೆ ಎರಡು ಉದ್ದನೆಯ ಕೊಳವೆಗಳಿವೆ. ಅವು ಎಂಜಿನ್ನುಗಳೆಂದು ಫೋಟೋ ನೋಡಿದವರಿಗೆ ಅನ್ನಿಸುತ್ತದೆ. ಅದು ಚಂದ್ರನಿಗೆ ಮನುಷ್ಯನನ್ನು ಕಳಿಸಲು ತಯಾರಿ ನಡೆದಿದ್ದ ಕಾಲ. ಪತ್ರಿಕೆಗಳ ತುಂಬ ಬೆಂಕಿಯುಗುಳುವ ರಾಕೆಟ್ಟುಗಳು. ಎಂಜಿನ್ನಿನ ಹಿಂದೆ ಬೆಂಕಿ ಬರೆಯದೆ ಇನ್ನೇನು ಬರೆದಾರು? ಅದು ದಡ್ಡತನವಲ್ಲ, ತಿಳಿದದ್ದರಿಂದ ತಿಳಿಯದ್ದನ್ನು ಊಹಿಸಿದ್ದು.

ಎರಡನೇ ತಪ್ಪಿನ ಕತೆ ಇನ್ನೂ ಸ್ವಾರಸ್ಯ. ಟಿವಿಯಲ್ಲಿ ಹಡಗು ನೆಲಕ್ಕೆ ಇಳಿಯುತ್ತಿರಲಿಲ್ಲ ಏಕೆ? ದುಡ್ಡಿಲ್ಲದ್ದಕ್ಕೆ! ಪ್ರತಿ ವಾರ ಹೊಸ ಗ್ರಹದ ಮೇಲೆ ಹಡಗು ಇಳಿಯುವುದನ್ನು ಚಿತ್ರೀಕರಿಸಲು ಖರ್ಚು ಬಹಳ. ಅದಕ್ಕೇ ಮನುಷ್ಯರು ಒಂದು ಕಡೆ ಮಿನುಗಿ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವ ‘ಟ್ರಾನ್ಸ್‌ಪೋರ್ಟರ್’ ಎಂಬ ಯುಕ್ತಿ ಮಾಡಿದರು. ಕಾಗದದ ಮೇಲೆ ಆ ತಾಪತ್ರಯವಿಲ್ಲ. ದೊಡ್ಡ ಹಡಗಾಗಲಿ, ದೈತ್ಯ ಪ್ರಾಣಿಯಾಗಲಿ ಅಷ್ಟೇ ಶಾಯಿ ಸಾಕು.

ಅಪ್ಪನ ಕೆಲಸದಲ್ಲೂ ಇಂಥದೊಂದು ಬೇಕಾದ ವ್ಯತ್ಯಾಸವಿದೆ. ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನನ್ನು ಅಡಿಗೆ ಸುಮಾರು 3 ಮಿಲಿಮೀಟರ್‌ನಂತೆ ದೊಡ್ಡದಾಗಿಯೇ ಮಾಡಬೇಕು. ನಕ್ಷೆಯ ಅಳತೆಗೆ ಸರಿಯಾಗಿ ಮಾಡಿದರೆ ಬಿಡಿಭಾಗ ಚಿಕ್ಕದಾಗುತ್ತದೆ. ಟಿವಿಯ ಕತೆ ಕಾಗದಕ್ಕೆ ಬರುವಾಗಲೂ ಕೆಲವೊಂದು ಬದಲಾಗಲೇಬೇಕು.

ಕಪ್ಪು–ಬಿಳುಪು ಟಿವಿಯಿಂದಾಗಿ ನಾನು ಬರೆಯಲಾಗದ ತಪ್ಪು ಒಂದಿತ್ತು: ಅಂಗಿಯ ಬಣ್ಣ. ಕಾಮಿಕ್ಸಿನಲ್ಲಿ ಕರ್ಕ್‌ನ ಅಂಗಿ ಹಸಿರು. ಮುಂದೆ ಬಣ್ಣದ ಟಿವಿಯಲ್ಲಿ ನೋಡಿದರೆ ಅದು ಬಂಗಾರದ ಬಣ್ಣ! ಇದಂತೂ ಪಕ್ಕಾ ತಪ್ಪು ಎಂದುಕೊಂಡೆ. ಆದರೆ ಆ ಅಂಗಿಯ ಬಟ್ಟೆ ನಿಜಕ್ಕೂ ತಿಳಿ ಹಸಿರಿನದು, ಸ್ಟುಡಿಯೋ ದೀಪಗಳ ಕೆಳಗೆ ಫಿಲ್ಮಿನಲ್ಲಿ ಅದು ಹಳದಿಯಾಗಿ ಕಾಣುತ್ತಿತ್ತು ಎಂದು ನಂತರ ಓದಿದೆ. ತಪ್ಪು ಹಿಡಿಯುವ ಮೊದಲು ‘ಸರಿ’ ಯಾವುದೆಂದು ನೋಡಬೇಕು ಎಂಬ ಬುದ್ಧಿ ನನಗೆ ಬಂದದ್ದು ಆ ಅಂಗಿಯಿಂದ.

ಹಾಗಾದರೆ ಕಾಮಿಕ್ಸಿನಲ್ಲಿ ನಿಜವಾದ ತಪ್ಪೇ ಇರಲಿಲ್ಲವೆ? ಇತ್ತು. ಅದನ್ನು ಹಿಡಿದವರು ಇಂಗ್ಲಿಷ್ ಬಾರದ ಅವ್ವ.

ಆ ಕತೆಯ ಗ್ರಹದಲ್ಲಿ ಮನುಷ್ಯರನ್ನು ತಿನ್ನುವ ಗಿಡಗಳಿವೆ. ಕೊನೆಗೆ ನಮ್ಮವರು ಪಾರಾಗಿ ಹಡಗು ಸೇರುತ್ತಾರೆ. ಆಮೇಲೆ ಮೇಲಿನಿಂದ ಲೇಸರ್ ಕಿರಣ ಬಿಟ್ಟು ಗ್ರಹದ ಗಿಡಗಳನ್ನೆಲ್ಲ ನಾಶ ಮಾಡುತ್ತಾರೆ. ರೊಟ್ಟಿ ಬಡಿಯುತ್ತ ಪುಟ ನೋಡಿದ ಅವ್ವ, “ತಾವು ಪಾರಾದ್ರಲ್ಲ, ಮತ್ತ ಅವನ್ಯಾಕ ಸುಟ್ರು? ಟಿವ್ಯಾಗಿನ ಆ ಕಿವಿಯಂವ ಹಂಗ ಮಾಡೂದುಲ್ಲ” ಎಂದರು.

ಅವ್ವನ ಮಾತು ನಿಜ. 1967ರಲ್ಲೇ ಪ್ರಸಾರವಾದ ಒಂದು ಕಂತಿನಲ್ಲಿ ಗಣಿ ಕೆಲಸಗಾರರನ್ನು ಕೊಲ್ಲುವ ಕಲ್ಲಿನಂಥ ಪ್ರಾಣಿಯೊಂದಿದೆ. ಸ್ಪಾಕ್ ಅದರ ಮನಸ್ಸನ್ನು ಮುಟ್ಟಿ ನೋಡಿದಾಗ, ಅದು ತನ್ನ ಮೊಟ್ಟೆಗಳನ್ನು ಕಾಯುತ್ತಿರುವ ತಾಯಿ ಎಂದು ತಿಳಿಯುತ್ತದೆ. ಆ ಧಾರಾವಾಹಿಯವರು ಹೊಸ ಜೀವಗಳನ್ನು ಹುಡುಕಲು ಹೊರಟವರು. ಅವರ ಕೈಯಿಂದ ಒಂದಿಡೀ ಗ್ರಹವನ್ನು ಸುಡಿಸಿದ್ದು ಕಂಟಿನ್ಯುಟಿಯ ದೊಡ್ಡ ತಪ್ಪು. ಬೆಂಕಿ, ಚೀಲ, ಅಂಗಿ ಕಣ್ಣಿಗೆ ಕಾಣುವಂಥವು. ಪಾತ್ರದ ಸ್ವಭಾವ ಯಾವ ಫೋಟೋದಲ್ಲೂ ಸಿಗುವುದಿಲ್ಲ. ಅದನ್ನು ತಿಳಿಯಲು ಕತೆಯ ಜೊತೆ ಒಂದಿಷ್ಟು ದಿನ ಇರಬೇಕು, ಅವ್ವ ಭಾನುವಾರಗಳಂದು ಬಾಗಿಲಲ್ಲಿ ನಿಂತು ನೋಡಿದ ಹಾಗೆ.

ಗೋಲ್ಡ್ ಕೀ ಕಾಮಿಕ್ಸ್ 1979ರವರೆಗೆ 61 ಸಂಚಿಕೆ ಬಂತು. ಬರಬರುತ್ತ ಚಿತ್ರಗಳು ಟಿವಿಗೆ ಹತ್ತಿರವಾದವು. ಪಟ್ಟಿಯಲ್ಲಿದ್ದ ‘ದಡ್ಡ’ ಎಂಬ ಮಾತನ್ನು ನಾನು ಅಂದೇ ಬೆರಳಿನಿಂದ ಒರೆಸಿದ್ದೆ. ತಪ್ಪುಗಳನ್ನು ಮಾತ್ರ ಹಾಗೇ ಬಿಟ್ಟೆ.

ಮಕ್ಕಳೇ, ನಿಮ್ಮ ಮೆಚ್ಚಿನ ಕಾರ್ಟೂನಿನ ಪುಸ್ತಕ ಸಿಕ್ಕರೆ ನೀವೂ ಹೀಗೊಂದು ಪಟ್ಟಿ ಮಾಡಿ. ಪ್ರತಿ ತಪ್ಪಿನ ಮುಂದೆ ‘ಏಕೆ ಹೀಗಾಗಿರಬಹುದು?’ ಎಂದು ಒಂದು ಸಾಲು ಬರೆಯಿರಿ. ಮುಗಿದ ಮೇಲೆ ಮನೆಯ ಹಿರಿಯರಿಗೆ ಒಮ್ಮೆ ತೋರಿಸಿ. ನೀವು ಕಾಣದ್ದು ಅವರಿಗೆ ಕಂಡೀತು.