‘ಸರ್ವರ್ ಇಲ್ಲ’ ಎಂಬ ಉತ್ತರ: ತಂತ್ರಾಂಶದ ದೋಷಕ್ಕೆ ಹೊಣೆ ಯಾರದು?

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಯಾವುದಾದರೊಂದು ಸರಕಾರಿ ಕಚೇರಿಯ ಕಟ್ಟೆಯ ಮೇಲೆ ಅರ್ಧ ದಿನ ಕುಳಿತವರಿಗೆ ‘ಸರ್ವರ್ ಇಲ್ಲ’ ಎಂಬ ಮಾತು ಅಪರಿಚಿತವಾಗಿ ಉಳಿಯಲಾರದು. ಮೂವತ್ತು ವರ್ಷಗಳ ಹಿಂದೆ ಈ ಭಾಗದ ಆಡುನುಡಿಯಲ್ಲಿ ಇಲ್ಲದಿದ್ದ ಈ ಮಾತು ಈಗ ‘ಮಳೆ ಇಲ್ಲ’, ‘ಲೈಟು ಇಲ್ಲ’ ಎಂಬ ಮಾತುಗಳ ಪಂಕ್ತಿಯಲ್ಲಿ ಸೇರಿಹೋಗಿದೆ. ಈ ವಾಕ್ಯದಲ್ಲಿ ಮಾಡಿದವನ ಸುಳಿವಿಲ್ಲ. ಮಳೆ ಬಾರದಿರುವುದಕ್ಕೆ ಹೇಗೆ ಯಾರನ್ನೂ ದೂರಲಾಗದೋ ಹಾಗೆಯೇ ಸರ್ವರ್ ಇಲ್ಲದಿರುವುದಕ್ಕೂ ಯಾರನ್ನೂ ದೂರಲಾಗದೆಂಬ ಭಾವನೆ ಅದರಲ್ಲಿ ಅಡಗಿದೆ. ವಸ್ತುಸ್ಥಿತಿ ಬೇರೆ. ತಂತ್ರಾಂಶವೆಂಬುದು ಮನುಷ್ಯರು ಬರೆದು, ಹಣಕ್ಕೆ ಒಪ್ಪಿಸಿದ ಸರಕು. ಅದು ಕೆಟ್ಟಾಗ ನಷ್ಟಕ್ಕೊಳಗಾದವನಿಗೆ ಯಾರ ಬಾಗಿಲು ತೆರೆದಿದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಆ ಮಾತಿನ ಅರ್ಥವನ್ನೇ ಬಿಡಿಸಿ ನೋಡೋಣ. ಸರ್ವರೆಂದರೆ ಬೇರೆಲ್ಲಿಯೋ ಇರುವ ಒಂದು ದೊಡ್ಡ ಗಣಕಯಂತ್ರ. ರೋಣದ ಕಚೇರಿಯ ಯಂತ್ರ ಕೇಳುತ್ತದೆ, ದೂರದ ಯಂತ್ರ ಉತ್ತರಿಸುತ್ತದೆ. ಉತ್ತರ ಬಾರದಿರುವುದಕ್ಕೆ ನಾಲ್ಕು ಕಾರಣಗಳಾದರೂ ಇರಬಹುದು. ನಡುವಣ ತಂತಿಯ ಹಾದಿ ಕಡಿದಿರಬಹುದು. ಏಕಕಾಲಕ್ಕೆ ಕೇಳುವವರು ಹೆಚ್ಚಾಗಿ ಯಂತ್ರ ಭಾರ ತಾಳದಿರಬಹುದು. ತಂತ್ರಾಂಶದ ಬರವಣಿಗೆಯಲ್ಲಿಯೇ ತಪ್ಪಿರಬಹುದು. ಅಥವಾ ಹೊರಗಿನವರಾರೋ ಬೇಕೆಂದೇ ಅದನ್ನು ಕೆಡಿಸುತ್ತಿರಬಹುದು. ಮೊದಲನೆಯದಕ್ಕೆ ದೂರವಾಣಿಯ ಸಂಸ್ಥೆ, ಎರಡನೆಯದಕ್ಕೆ ಯಂತ್ರದ ಶಕ್ತಿಯನ್ನು ಅಂದಾಜು ಮಾಡಿದವರು, ಮೂರನೆಯದಕ್ಕೆ ತಂತ್ರಾಂಶ ಬರೆದ ಕಂಪನಿ, ನಾಲ್ಕನೆಯದಕ್ಕೆ ದಾಳಿಕೋರನೊಡನೆ ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟವರು ಹೊಣೆಗಾರರು. ಕಚೇರಿಯ ಕಿಟಕಿಯ ಬಳಿ ಈ ನಾಲ್ಕೂ ಒಂದೇ ಮಾತಿನಲ್ಲಿ ಲೀನವಾಗುತ್ತವೆ. ಹೊಣೆ ಕಾಣೆಯಾಗುವುದು ಅಲ್ಲಿಯೇ.

ಗಣಕಯಂತ್ರ ಬಂದುದರಿಂದ ಈ ಭಾಗದ ರೈತನಿಗೆ ಪ್ರಯೋಜನವಾಗಿಲ್ಲವೆಂದು ಯಾರೂ ಹೇಳಲಾರರು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಜಾರಿಗೆ ಬಂದಾಗ ರಾಜ್ಯದ ಸುಮಾರು 67 ಲಕ್ಷ ಭೂಮಾಲಿಕರ 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ಗಣಕಕ್ಕೆ ಏರಿದವು. ಅಲ್ಲಿಯವರೆಗೆ ಪಹಣಿಗಾಗಿ ಲೆಕ್ಕಿಗನ ಮನೆಗೆ ಎಷ್ಟು ಸಲ ತಿರುಗಬೇಕು, ಎಷ್ಟು ತೆರಬೇಕು ಎಂಬುದಕ್ಕೆ ಲೆಕ್ಕವಿರಲಿಲ್ಲ; ಆಮೇಲೆ ಅದು 15 ರೂಪಾಯಿಗೆ ತಾಲೂಕು ಕಚೇರಿಯ ಕಿಟಕಿಯಲ್ಲಿ ದೊರೆಯಿತು. ಆದರೆ ಹಳೆಯ ಪುಸ್ತಕವನ್ನು ಕೈಬಿಟ್ಟ ಮೇಲೆ ಹೊಸದಕ್ಕೆ ಪರ್ಯಾಯವಿಲ್ಲ ಎಂಬುದನ್ನು ನೆನಪಿಡಬೇಕು. ಗ್ರಾಮಲೆಕ್ಕಿಗ ಊರಲ್ಲಿಲ್ಲದಿದ್ದರೆ ಒಂದು ಊರಿನ ಕೆಲಸ ನಿಲ್ಲುತ್ತಿತ್ತು. ಸರ್ವರ್ ನಿಂತರೆ ಬೀದರಿನಿಂದ ಚಾಮರಾಜನಗರದವರೆಗೆ ನಿಲ್ಲುತ್ತದೆ.

ಇನ್ನು ತಂತ್ರಾಂಶವೆಂಬ ಸರಕಿನ ಸ್ವರೂಪ. ನರಗುಂದದ ರೈತ ಹತ್ತಿಯ ಬೀಜ ಕೊಂಡು ಅದು ಮೊಳೆಯದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಲ್ಲ. 2012ರಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಈ ಹಕ್ಕನ್ನು ಎತ್ತಿಹಿಡಿದಿದೆ. ಅವನು ಹೆಸರು, ಕಡಲೆಗಳನ್ನು ಮಾರುಕಟ್ಟೆಯಲ್ಲಿ ತೂಗಿಸುವ ತಕ್ಕಡಿಗೆ ಸರಕಾರದ ಮುದ್ರೆ ಬೀಳಬೇಕು. ಮುದ್ರೆಯ ಹಿಂದೆ ಹೊಣೆ ಇರಬೇಕೆಂಬ ವಿಚಾರ ಈ ನೆಲಕ್ಕೆ ಹೊಸದೂ ಅಲ್ಲ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಟಂಕಶಾಲೆ ಇದ್ದುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ತಂತ್ರಾಂಶಕ್ಕೆ ಮಾತ್ರ ಇಂಥ ಮುದ್ರೆಯಿಲ್ಲ. ಅದನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಬಳಸುವ ಪರವಾನಗಿಯನ್ನು ಮಾತ್ರ. ಆ ಪರವಾನಗಿಯ ಕರಾರುಪತ್ರದಲ್ಲಿ ಸರಕನ್ನು ‘ಇದ್ದಂತೆ’ ಕೊಡಲಾಗಿದೆಯೆಂದೂ, ಹಾನಿಯಾದರೆ ಕೊಟ್ಟ ಬೆಲೆಗಿಂತ ಹೆಚ್ಚಿನ ಹೊಣೆ ಕಂಪನಿಗಿಲ್ಲವೆಂದೂ ಬಹುಮಟ್ಟಿಗೆ ಬರೆದಿರುತ್ತದೆ. ಪರದೆಯ ಮೇಲೆ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತದೆ ಮುಂದೆ ಹೋಗುವಂತಿಲ್ಲ; ಆದ್ದರಿಂದ ಎಲ್ಲರೂ ಓದದೆ ಒತ್ತುತ್ತಾರೆ. ಟಾಟಾ ಕನ್ಸಲ್ಟೆನ್ಸಿ ಸಂಸ್ಥೆಗೂ ಆಂಧ್ರ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ಅಂಗಡಿಯಲ್ಲಿ ಮಾರುವ ಸಿದ್ಧ ತಂತ್ರಾಂಶ ಮಾರಾಟ ತೆರಿಗೆಯ ದೃಷ್ಟಿಯಿಂದ ‘ಸರಕು’ ಎಂದು ತೀರ್ಪಿತ್ತಿತು. ತೆರಿಗೆ ಎತ್ತುವಾಗ ಸರಕು, ಹಾನಿ ತುಂಬುವಾಗ ಬರಿಯ ಪರವಾನಗಿ ಎಂಬ ಈ ಇಬ್ಬಗೆಯ ನಡೆ ಸ್ವಾರಸ್ಯವಾಗಿದೆ.

ಭದ್ರತೆಯ ದೋಷಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ತಂತ್ರಾಂಶದಲ್ಲಿ ಉಳಿದ ಕಂಡಿಗಳನ್ನು ಮಾರಿದ ಮೇಲೆ ಮುಚ್ಚುವುದು ಈ ಉದ್ಯಮದ ರೂಢಿ. ಆ ಮುಚ್ಚಿಗೆಗೆ ‘ಪ್ಯಾಚ್’ ಎಂದು ಹೆಸರು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ತಂತ್ರಾಂಶಕ್ಕೆ 2001ರಲ್ಲಿ ಹಲವು ಪಿಡುಗುಗಳು ತಗುಲಿದ ಮೇಲೆ, 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತನ್ನ ನೌಕರರಿಗೆ ಓಲೆ ಬರೆದು ಇನ್ನು ಮುಂದೆ ಹೊಸ ಸೌಲಭ್ಯಕ್ಕಿಂತ ಭದ್ರತೆಗೆ ಮೊದಲ ಸ್ಥಾನವೆಂದು ಸೂಚಿಸಬೇಕಾಯಿತು. ಹದಿನೈದು ವರ್ಷಗಳ ತರುವಾಯ, 2017ರ ಮೇ ತಿಂಗಳಲ್ಲಿ, ‘ವಾನಾಕ್ರೈ’ ಎಂಬ ಪಿಡುಗು ಸುಮಾರು 150 ದೇಶಗಳಿಗೆ ಹಬ್ಬಿತು. ಅದಕ್ಕೆ ಬೇಕಾದ ಪ್ಯಾಚನ್ನು ಕಂಪನಿ ಎರಡು ತಿಂಗಳು ಮೊದಲೇ ಹೊರಡಿಸಿತ್ತು. ಆದರೆ 2014ರಲ್ಲಿಯೇ ಕೈಬಿಡಲಾಗಿದ್ದ ಹಳೆಯ ‘ಎಕ್ಸ್‌ಪಿ’ ಆವೃತ್ತಿಗೆ ಅದು ದೊರೆತದ್ದು ಪಿಡುಗು ಹಬ್ಬಿದ ಮೇಲೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರ್ಣ ಕಡತದಿಂದ 85 ಲಕ್ಷ ಯಂತ್ರಗಳು ಸ್ತಬ್ಧವಾಗಿ, ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಕಾವಲುಗಾರನೇ ಬಾಗಿಲಿಗೆ ಅಡ್ಡ ಬಿದ್ದಂತಾಯಿತು.

ನಮ್ಮ ರಾಜ್ಯದ ಕಂಪನಿಯೊಂದರ ಉದಾಹರಣೆ ಇದಕ್ಕಿಂತ ಬೋಧಪ್ರದವಾಗಿದೆ. ಆದಾಯ ತೆರಿಗೆ ಇಲಾಖೆಯ ಹೊಸ ಜಾಲತಾಣವನ್ನು ಕಟ್ಟುವ ಕೆಲಸ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಗೆ ದೊರೆತಿತ್ತು. ಕೇಂದ್ರ ಮಂತ್ರಿಮಂಡಲ 2019ರ ಜನವರಿಯಲ್ಲಿ ಇದಕ್ಕೆ ಎಂಟೂವರೆ ವರ್ಷಗಳ ಅವಧಿಗೆ 4,241.97 ಕೋಟಿ ರೂಪಾಯಿಗಳ ವೆಚ್ಚವನ್ನು ಮಂಜೂರು ಮಾಡಿತು. 2021ರ ಜೂನ್ 7ರ ರಾತ್ರಿ ತಾಣ ಆರಂಭವಾಯಿತು. ಮರುದಿನವೇ ಅರ್ಥಮಂತ್ರಿಗಳು ಕಂಪನಿಯನ್ನು ಬಹಿರಂಗವಾಗಿ ಎಚ್ಚರಿಸುವ ಪ್ರಸಂಗ ಬಂತು. ಜೂನ್ 22ರ ಸಭೆಯ ಹೊತ್ತಿಗೆ 700ಕ್ಕೂ ಮಿಕ್ಕ ಪತ್ರಗಳಲ್ಲಿ 2,000ಕ್ಕೂ ಹೆಚ್ಚು ತೊಂದರೆಗಳು ವರದಿಯಾಗಿದ್ದವು. ಪುನರಾವೃತ್ತಿಗಳನ್ನು ಕಳೆದರೆ 90 ಬೇರೆ ಬೇರೆ ದೋಷಗಳು. ಆಗಸ್ಟ್ 21, 22ರಂದು ತಾಣ ಪೂರ್ತಿ ನಿಂತಾಗ ಕಂಪನಿಯ ಮುಖ್ಯಾಧಿಕಾರಿಯನ್ನು ದಿಲ್ಲಿಗೆ ಕರೆಸಿ, ಸೆಪ್ಟೆಂಬರ್ 15ರ ಗಡುವು ಕೊಡಲಾಯಿತು. ಲೆಕ್ಕಪತ್ರ ಸಲ್ಲಿಸುವ ಅವಧಿಯನ್ನು ಕೊನೆಗೆ ಡಿಸೆಂಬರ್ 31ರವರೆಗೆ ಮುಂದೂಡಬೇಕಾಯಿತು.

ಇದರಲ್ಲಿ ಒಂದು ಸಣ್ಣ ಸಂಗತಿಯನ್ನು ವಾಣಿಜ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಸರಕಾರ ಸಲ್ಲಿಕೆಯ ಅವಧಿಯನ್ನು ಜುಲೈ 31ರಿಂದ ಸೆಪ್ಟೆಂಬರ್ 30ಕ್ಕೆ ವಿಸ್ತರಿಸಿದ್ದರೂ, ತಂತ್ರಾಂಶ ಅದನ್ನು ಅರಿಯದೆ ಕೆಲವರ ಮೇಲೆ ತಡದ ಶುಲ್ಕವನ್ನೂ ಬಡ್ಡಿಯನ್ನೂ ಹೇರಿತು. ಆಗಸ್ಟ್ 1ರಂದೇ ತಪ್ಪನ್ನು ತಿದ್ದಲಾಗಿದೆಯೆಂದೂ, ಹೆಚ್ಚಿಗೆ ತೆತ್ತ ಹಣ ಮರಳುವುದೆಂದೂ ಇಲಾಖೆ ತರುವಾಯ ಪ್ರಕಟಿಸಿತು. ಕಾಯಿದೆ ಒಂದು ಹೇಳಿದಾಗ ಯಂತ್ರ ಇನ್ನೊಂದು ಹೇಳಿದರೆ, ಗಜೇಂದ್ರಗಡದಲ್ಲಿ ಸೀರೆ ಮಾರುವ ಸಣ್ಣ ವ್ಯಾಪಾರಿ ನಡೆಯಬೇಕಾದದ್ದು ಯಂತ್ರದ ಮಾತಿನಂತೆ. ಏಕೆಂದರೆ ಅವನೊಡನೆ ಮಾತನಾಡುವುದು ಯಂತ್ರ ಮಾತ್ರ. ಕಂಪನಿಯೊಡನೆ ಕರಾರು ಮಾಡಿಕೊಂಡವರು ದಿಲ್ಲಿಯಲ್ಲಿದ್ದಾರೆ. ಮಂತ್ರಿಗಳು ಕಂಪನಿಯನ್ನು ಕರೆಸಬಲ್ಲರು, ವ್ಯಾಪಾರಿ ಕರೆಸಲಾರ. ಸಿಟ್ಟು ಬಳಸುವವನದು, ಕರಾರು ಕೊಂಡವನದು.

ಮೂರು ತಾಲೂಕುಗಳ ಜನರಿಗೆ ಇನ್ನೂ ಹತ್ತಿರವಾದದ್ದು ‘ಕಾವೇರಿ’. ಹೊಲ, ಮನೆಗಳ ಕ್ರಯಪತ್ರಗಳ ನೋಂದಣಿಗಾಗಿ 2003ರ ಸುಮಾರಿಗೆ ಬಂದ ಈ ತಂತ್ರಾಂಶ, 2023ರಲ್ಲಿ ‘ಕಾವೇರಿ 2.0’ ಎಂಬ ಹೊಸ ರೂಪ ತಾಳಿತು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ, ಪತ್ರ ನೋಂದಾಯಿಸಿದ ಕೆಲವರ ಬ್ಯಾಂಕ್ ಖಾತೆಗಳಿಂದ ಅವರಿಗರಿವಿಲ್ಲದಂತೆ ಹಣ ಹೋದ ದೂರುಗಳು ಬೆಂಗಳೂರಿನಲ್ಲಿ ಕೇಳಿಬಂದವು. ಆಧಾರ್ ಆಧಾರಿತ ಪಾವತಿಯಲ್ಲಿ ಬೆರಳಚ್ಚು ಕೊಟ್ಟರೆ ಸಾಕು, ಗುಪ್ತಸಂಖ್ಯೆ ಬೇಕಿಲ್ಲ. ನೋಂದಾಯಿತ ಪತ್ರಗಳ ಪ್ರತಿಗಳಲ್ಲಿಯಾದರೋ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಒಂದೇ ಹಾಳೆಯಲ್ಲಿ ಇರುತ್ತಿದ್ದವು. ಈ ಪ್ರತಿಗಳಿಂದಲೇ ಬೆರಳಚ್ಚು ಸೋರಿರಬಹುದೆಂಬ ಸಂಶಯದ ಮೇಲೆ ಪೋಲೀಸು ತನಿಖೆ ನಡೆಯಿತು. ಪ್ರತಿಗಳಲ್ಲಿ ಈ ವಿವರಗಳನ್ನು ಮರೆಮಾಡುವ ಕ್ರಮವನ್ನು ಕಂದಾಯ ಇಲಾಖೆ ಕೈಕೊಂಡಿತು. ಕದ್ದುಹೋದ ಗುಪ್ತಪದವನ್ನು ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು. ಸಹಿ ಬಾರದವರೇ ಹೆಬ್ಬೆಟ್ಟನ್ನು ಹೆಚ್ಚು ನಂಬಿದವರೆಂಬುದನ್ನು ನೆನೆದರೆ ಈ ದೋಷ ಯಾರ ತಲೆಗೆ ಬಂದೀತೆಂಬುದನ್ನು ವಿವರಿಸಬೇಕಿಲ್ಲ.

2024ರ ಡಿಸೆಂಬರ್‌ನಿಂದ ಕಾವೇರಿ ಮತ್ತೆ ಕುಂಟಿತು. 2025ರ ಫೆಬ್ರವರಿ ಮೊದಲ ವಾರದಲ್ಲಿ ರಾಜ್ಯದಲ್ಲೆಲ್ಲ ನೋಂದಣಿ ಬಹುಮಟ್ಟಿಗೆ ಸ್ಥಗಿತಗೊಂಡು, ಉಪನೋಂದಣಾಧಿಕಾರಿಗಳ ಕಚೇರಿಗಳ ಮುಂದೆ ಜನ ಕಾಯಬೇಕಾಯಿತು. ಇದು ಸೇವಾನಿರಾಕರಣ ದಾಳಿಯೆಂದು ಸರಕಾರ ಹೇಳಿತು. ಸಾವಿರ ಸುಳ್ಳು ಗಿರಾಕಿಗಳು ಅಂಗಡಿಗೆ ನುಗ್ಗಿ ಬೆಲೆ ಕೇಳುತ್ತ ನಿಂತರೆ ನಿಜವಾದ ಗಿರಾಕಿ ಹೊರಗೆ ಉಳಿಯುವಂತೆ ಈ ದಾಳಿ ನಡೆಯುತ್ತದೆ. ಸರಕಾರದ ಹೇಳಿಕೆಯಂತೆ ಜನವರಿಯಲ್ಲಿ 62 ಖಾತೆಗಳಿಂದ, 14 ಜಾಲವಿಳಾಸಗಳ ಮೂಲಕ, ಎರಡು ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು. ದಾಳಿಕೋರನ ಅಪರಾಧ ನಿರ್ವಿವಾದ. ಆದರೂ 62 ಖಾತೆಗಳಿಗೆ ಇಡೀ ರಾಜ್ಯದ ಬಾಗಿಲನ್ನು ತಡೆಯಲು ಸಾಧ್ಯವಾಯಿತೆಂದರೆ ಬಾಗಿಲಿನ ಕಟ್ಟೋಣದ ಬಗೆಗೂ ಪ್ರಶ್ನೆ ಕೇಳುವುದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಒಬ್ಬನೇ ಗಿರಾಕಿ ಇಷ್ಟು ಅವಧಿಯಲ್ಲಿ ಇಷ್ಟು ಸಲ ಮಾತ್ರ ಕೇಳಬಹುದೆಂಬ ಮಿತಿ ಹಾಕುವುದು ಈ ಶಾಸ್ತ್ರದಲ್ಲಿ ಹಳೆಯ ಪಾಠ.

ಆ ದಿನಗಳಲ್ಲಿ ಕ್ರಯಪತ್ರಕ್ಕೆಂದು ಸಾಕ್ಷಿದಾರರೊಡನೆ ಬಾಡಿಗೆ ವಾಹನದಲ್ಲಿ ಬಂದು ಬರಿಗೈಯಲ್ಲಿ ಮರಳಿದವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೇ? ಹೋಗಬಾರದೆಂದೇ ಕಾಯಿದೆಯ ಉತ್ತರ. ಪತ್ರ ನೋಂದಾಯಿಸಲು ಬಂದು ಶುಲ್ಕ ತೆತ್ತವನು ‘ಗ್ರಾಹಕ’ನಲ್ಲ, ನೋಂದಣಾಧಿಕಾರಿ ಮಾಡುವುದು ಬಾಡಿಗೆಯ ‘ಸೇವೆ’ಯಲ್ಲ, ಅದು ಶಾಸನಬದ್ಧ ಕರ್ತವ್ಯವೆಂದು ಸುಪ್ರೀಂ ಕೋರ್ಟು 1995ರಲ್ಲಿ ಗೋಯಲ್ ಮೊಕದ್ದಮೆಯಲ್ಲಿ ನಿರ್ಣಯಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸರಕಿನ ದೋಷದ ಹೊಣೆಯ ಬಗ್ಗೆ ಹೊಸ ಅಧ್ಯಾಯವನ್ನೇ ಸೇರಿಸಿ, ಅನ್ಯಾಯದ ಕರಾರುಗಳನ್ನು ಪ್ರಶ್ನಿಸಲು ಎಡೆಗೊಟ್ಟು, ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂದು ವಿಧಿಸಿರುವುದು ನಿಜ. ತನ್ನ ಹಣದಿಂದ ಕೆಟ್ಟ ತಂತ್ರಾಂಶ ಕೊಂಡ ರೋಣದ ನಿವಾಸಿಗೆ ಗದಗಿನ ಆಯೋಗದ ಬಾಗಿಲು ಅದರಿಂದ ತೆರೆದಿದೆ. ಸರಕಾರ ಕೊಂಡ ತಂತ್ರಾಂಶದ ಮುಂದೆ ನಿಂತವನಿಗೆ ಅದರಿಂದ ಲಾಭವಿಲ್ಲ.

ಉಳಿದದ್ದು ಸಕಾಲ. 2011ರ ಕಾಯಿದೆಯಾಗಿ ಹುಟ್ಟಿ 2012ರ ಏಪ್ರಿಲಿನಿಂದ ರಾಜ್ಯಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಗೊತ್ತಾದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಪರಿಹಾರವುಂಟು. ಅದು ತಡಮಾಡಿದ ಅಧಿಕಾರಿಯಿಂದ ವಸೂಲಾಗತಕ್ಕದ್ದು. ಎಂದರೆ ತಂತ್ರಾಂಶ ಬರೆದವರಿಂದಲ್ಲ, ಅದರ ಮುಂದೆ ಕುಳಿತವರಿಂದ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ, ಸರಿಯಾದ ಯಂತ್ರಗಳಿಲ್ಲದೆ ಹಲವಾರು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕಾದ ಒತ್ತಡ ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಕಿಟಕಿಯ ಈಚೆಗಿರುವ ರೈತನಂತೆ ಆಚೆಗಿರುವ ನೌಕರನೂ ಆ ತಂತ್ರಾಂಶವನ್ನು ಆರಿಸಿಕೊಂಡವನಲ್ಲ. ಇಬ್ಬರೂ ಪರಸ್ಪರ ಬೈದಾಡಿಕೊಳ್ಳುವುದು ಈ ಏರ್ಪಾಡಿನ ವಿಪರ್ಯಾಸ.

ನರಗುಂದದವರಿಗೆ ಇಲ್ಲಿ 1980 ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಬಿದ್ದುದೇ ಆ ರೈತ ಬಂಡಾಯದ ಒಂದು ಮುಖ್ಯ ಕಾರಣ. ಜುಲೈ 21ರ ಗೋಲಿಬಾರಿನಲ್ಲಿ ಅದು ಪರ್ಯವಸಾನವಾಯಿತು. ಹೋಲಿಕೆಯನ್ನು ಎಳೆದಾಡಬಾರದು. ಆದರೆ ಅಂದಿನ ರೈತನಿಗೆ ನೀರು ಬಂತೋ ಇಲ್ಲವೋ ಎಂಬುದು ಹೊಲದಲ್ಲಿ ಕಾಣುತ್ತಿತ್ತು, ಕರದ ಚೀಟಿ ಕೈಯಲ್ಲಿತ್ತು, ತಹಸೀಲ್ದಾರರ ಕಚೇರಿ ಎದುರಿಗಿತ್ತು. ತಂತ್ರಾಂಶದ ವಿಷಯದಲ್ಲಿ ಈ ಮೂರೂ ಸ್ಪಷ್ಟವಿಲ್ಲ.

ಯೂರೋಪಿನ ಒಕ್ಕೂಟ 2024ರ ನಿರ್ದೇಶವೊಂದರಲ್ಲಿ ತಂತ್ರಾಂಶವನ್ನು ಹೆಸರಿಟ್ಟೇ ‘ಉತ್ಪನ್ನ’ವೆಂದು ಸಾರಿ, ದೋಷದ ಹೊಣೆಯನ್ನು ಅದಕ್ಕೂ ವಿಸ್ತರಿಸಿದೆ, 2026ರ ಡಿಸೆಂಬರ್ 9 ಅದರ ಅನ್ವಯಕ್ಕೆ ಗೊತ್ತುಮಾಡಿದ ದಿನ. ಅದು ಕೂಡ ದೇಹ, ಆಸ್ತಿ, ದತ್ತಾಂಶಗಳ ಹಾನಿಗೆ ಸಂಬಂಧಿಸಿದ್ದೇ ಹೊರತು ಹಾಳಾದ ಒಂದು ದಿನದ ಕೂಲಿಗೆ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಅದಕ್ಕಿಂತ ಮೊದಲು ಆಗಬೇಕಾದ ಸಣ್ಣ ಕೆಲಸವೊಂದಿದೆ. ತಾಲೂಕು ಕೇಂದ್ರಗಳಲ್ಲಿ ಮಳೆಯನ್ನು ದಿನದಿನವೂ ಮಿಲಿಮೀಟರುಗಳಲ್ಲಿ ಅಳೆದು ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಸರ್ವರಿನ ನಿಲುಗಡೆಗೂ ಅಂಥದೊಂದು ಪುಸ್ತಕವನ್ನು ಈ ಮೂರು ಊರುಗಳ ಕಾಲೇಜು ವಿದ್ಯಾರ್ಥಿಗಳು ಒಂದು ಶೈಕ್ಷಣಿಕ ವರ್ಷದ ಮಟ್ಟಿಗಾದರೂ ಇಟ್ಟುನೋಡಬಹುದು. ದಿನಾಂಕ, ಕಚೇರಿ, ತಂತ್ರಾಂಶದ ಹೆಸರು, ನಿಂತ ವೇಳೆ, ಮತ್ತೆ ಆರಂಭವಾದ ವೇಳೆ, ಮರಳಿಹೋದವರ ಸಂಖ್ಯೆ ಎಂಬ ಅಂಕಣಗಳು ಸಾಕು. ಕೊನೆಯ ಅಂಕಣದಲ್ಲಿ ಮಾತ್ರ ‘ಸರ್ವರ್ ಇಲ್ಲ’ ಎಂದು ಬರೆಯದೆ, ಹಾದಿ, ಭಾರ, ಬರವಣಿಗೆ, ದಾಳಿ ಈ ನಾಲ್ಕರಲ್ಲಿ ಯಾವುದೆಂದು ಸಂಬಂಧಪಟ್ಟ ಇಲಾಖೆಯನ್ನು ಲಿಖಿತವಾಗಿ ಕೇಳಿ ತುಂಬತಕ್ಕದ್ದು. ಮಾಹಿತಿ ಹಕ್ಕಿನ 2005ರ ಕಾಯಿದೆಯ ಮೇರೆಗೆ ಅದಕ್ಕೆ ಹತ್ತು ರೂಪಾಯಿಯ ಅರ್ಜಿ ಸಾಕು, ಉತ್ತರಕ್ಕೆ ಮೂವತ್ತು ದಿನಗಳ ಅವಧಿ.